ಹಳೇ ಜೀಪಿನ ಮುಂದಿನ ಗಾಜನ್ನು ನೀವೇ ಕೂರಿಸುವ ಮೊದಲು

ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆ ತಿಂಗಳಲ್ಲಿ, ಮಾದಾಪುರ ಕಡೆಯ ತೋಟದಿಂದ ಒಂದು ಹಳೇ ಜೀಪು ಕೊಡಗಿನ ಸುಂಟಿಕೊಪ್ಪದ ನಮ್ಮ ಶೆಡ್ಡಿಗೆ ಬಂತು. ಡ್ರೈವರ್ ಕಾಲಬುಡದಲ್ಲಿ ಒದ್ದೆ ಟವೆಲ್. ಡ್ಯಾಶ್‌ಬೋರ್ಡಿನ ಕೆಳಗೆ ಗೊಬ್ಬರದ ಚೀಲ ಕತ್ತರಿಸಿ ಕಟ್ಟಿದ್ದರು. "ಅಣ್ಣಾ, ಮೂರು ಟ್ಯೂಬ್ ಸಿಲಿಕಾನ್ ಬಳಿದೆ, ನೀರು ನಿಲ್ತಾ ಇಲ್ಲ. ರಬ್ಬರ್ ಒಂದು ಬದಲಾಯಿಸಿಬಿಡಿ" ಅಂದರು ಮಾಲೀಕರು. ನಾನು ಕೆಳಗಿನ ಮೂಲೆಯಲ್ಲಿ ಹೆಬ್ಬೆರಳಿನಿಂದ ರಬ್ಬರಿನ ಅಂಚು ಎತ್ತಿದೆ. ಸಿಲಿಕಾನ್ ಸಿಪ್ಪೆಯ ಹಾಗೆ ಎದ್ದು ಬಂತು. ಅದರ ಜೊತೆಗೇ ತಗಡೂ ಬಂತು. ಮುರಿದ ಹಪ್ಪಳದಂತೆ ಪದರ ಪದರವಾಗಿ ತುಕ್ಕು ಅಂಗೈ ಮೇಲೆ ಉದುರಿತು. ರಬ್ಬರ್ ಕಚ್ಚಿಕೊಳ್ಳಲು ಅಲ್ಲಿ ತಗಡೇ ಉಳಿದಿರಲಿಲ್ಲ.

ಹಳೇ ಗಾಡಿಯ ಗಾಜು ತಾವೇ ಹಾಕುತ್ತೇವೆ ಎನ್ನುವವರಿಗೆಲ್ಲ ನಾನು ಇದನ್ನೇ ಮೊದಲು ಹೇಳುವುದು. ಗಾಜು ಕೂರಿಸುವುದು ಅರ್ಧ ಗಂಟೆಯ ಕೆಲಸ. ಅದು ಕೂರುವ ಚೌಕಟ್ಟಿಗೆ ಎರಡು ದಿನ ಇಟ್ಟುಕೊಳ್ಳಿ. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಸಿಲ್ವರ್ ಓಕಿನ ತರಗೆಲೆ ಗಾಜಿನ ಬುಡದಲ್ಲಿ ಕೂತು ಸ್ಪಂಜಿನಂತೆ ನೀರು ಹಿಡಿಯುತ್ತದೆ. ಆ ನೀರು ರಬ್ಬರಿನ ಅಡಿಗೆ ಇಳಿದರೆ ಮಳೆಗಾಲ ಮುಗಿಯುವವರೆಗೂ ಒಣಗುವುದಿಲ್ಲ. ಅದರ ಮೇಲೆ ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಬಳಿದರೆ ಇನ್ನೂ ಕೆಟ್ಟದ್ದು. ಟ್ಯೂಬ್ ಒತ್ತಿದಾಗ ವಿನೆಗರ್ ವಾಸನೆ ಬರುತ್ತದಲ್ವಾ? ಅದು ಆಮ್ಲ. ಬರೀ ತಗಡಿಗೆ ತಾಗಿದರೆ ತುಕ್ಕನ್ನು ಹೆಚ್ಚಿಸುತ್ತದೆ.

ಎಲ್ಲ ಗಾಡಿಯಲ್ಲೂ ಇದನ್ನು ಮನೆಯಲ್ಲಿ ಮಾಡಬೇಡಿ. ಹಳೇ ಜೀಪು, ಜಿಪ್ಸಿ, ಓಮ್ನಿ, ಅಂಬಾಸಿಡರ್, ಪದ್ಮಿನಿ, ಇವುಗಳಲ್ಲಿ ಗಾಜಿನ ಸುತ್ತ ದಪ್ಪ ರಬ್ಬರ್ ಇರುತ್ತದೆ. ರಬ್ಬರಿನ ಒಂದು ಸೀಳು ಗಾಜನ್ನು ಹಿಡಿಯುತ್ತದೆ, ಇನ್ನೊಂದು ಸೀಳು ತಗಡಿನ ಅಂಚನ್ನು. ಅದನ್ನು ಧೈರ್ಯವಾಗಿ ಮಾಡಬಹುದು. ಈಗಿನ ಕಾರುಗಳಲ್ಲಿ ಗಾಜನ್ನು ಪಿಯು (ಪಾಲಿಯುರೆಥೇನ್) ಅಂಟಿನಿಂದ ಅಂಟಿಸಿರುತ್ತಾರೆ. ಅಪಘಾತದಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಹೆಚ್ಚಿನ ಕಾರುಗಳಲ್ಲಿ ಆ ಗಾಜಿಗೆ ಒರಗಿಯೇ ನಿಲ್ಲುತ್ತದೆ. ಅಂಟು ಸರಿಯಾಗಿ ಹಿಡಿಯದಿದ್ದರೆ ಗಾಜೇ ಹೊರಗೆ ಹೋಗುತ್ತದೆ. ಅಂಥ ಕಾರನ್ನು ದಯವಿಟ್ಟು ಕೆಲಸ ಗೊತ್ತಿದ್ದವರಿಗೇ ಕೊಡಿ.

ಇನ್ನು ಗಾಜು. ಜೀಪಿನದು ಸಪಾಟು ಗಾಜು, ಹಾಗಾಗಿ ಅಳತೆ ಕೊಟ್ಟು ಕತ್ತರಿಸಿಕೊಳ್ಳಬಹುದು. ಕಿಟಕಿಯ ಸಾದಾ ಗಾಜು ಮಾತ್ರ ಬೇಡವೇ ಬೇಡ, ಒಡೆದರೆ ಚೂರಿಯಂಥ ತುಂಡುಗಳು ಎದೆಗೆ ಬರುತ್ತವೆ. ಲ್ಯಾಮಿನೇಟೆಡ್ ಗಾಜು ಕೇಳಿ. ಅದರ ಅಂಚನ್ನು ಅಡ್ಡಲಾಗಿ ನೋಡಿದರೆ ಎರಡು ಗಾಜಿನ ನಡುವೆ ತೆಳು ಗೆರೆ ಕಾಣುತ್ತದೆ. ಅದು ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ, ವಾಹನದ ಗಾಜಿನಲ್ಲಿ ಸಾಮಾನ್ಯವಾಗಿ 0.76 ಮಿಲಿಮೀಟರ್. ಕಲ್ಲು ಬಡಿದರೂ ಚೂರುಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜನ್ನು ಕತ್ತರಿಸಲು ಬರುವುದಿಲ್ಲ, ಕತ್ತರಿಸಿದರೆ ಪೂರ್ತಿ ಪುಡಿಯಾಗುತ್ತದೆ. ಗಾಜಿನ ಮೂಲೆಯಲ್ಲಿ ಸುರಕ್ಷತಾ ಗಾಜಿನ ಭಾರತೀಯ ಮಾನಕವಾದ ಐಎಸ್ 2553ರ ಗುರುತು ಇದೆಯಾ ನೋಡಿ. ಬಣ್ಣದ ಗಾಜಿಗೆ ಆಸೆಪಡಬೇಡಿ. ಎದುರಿನ ಗಾಜಿನಲ್ಲಿ ಕನಿಷ್ಠ ಶೇ. 70 ಬೆಳಕು ಹಾಯಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ನಮ್ಮ ಮಂಜಿನಲ್ಲಿ ಅಷ್ಟೂ ಬೆಳಕು ಬೇಕು.

ಕೆಲಸಕ್ಕೆ ಒಳ್ಳೆ ಸಮಯ ಕಾಫಿ ಕುಯ್ಲು ಮುಗಿದ ಮೇಲೆ, ಹೂಮಳೆ ಬರುವ ಮೊದಲು. ಬಾನೆಟ್ ಮೇಲೆ ಕಂಬಳಿ ಹಾಸಿ. ವೈಪರ್, ಒಳಗಿನ ಕನ್ನಡಿ ಬಿಚ್ಚಿ. ರಬ್ಬರ್ ಹೇಗೂ ಹೊಸದು ಹಾಕುತ್ತೀರಿ, ಹಳೆಯದನ್ನು ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಸುಮ್ನೆ ಎಳೆದಾಡಿ ಗಾಜಿಗೆ ತಿರುಚು ಕೊಡಬೇಡಿ. ಕೈಗವಸು, ಕನ್ನಡಕ ಇರಲೇಬೇಕು. ಜೀಪಿನಲ್ಲಿ ಇನ್ನೊಂದು ಅನುಕೂಲ ಇದೆ. ಗಾಜಿನ ಚೌಕಟ್ಟನ್ನೇ ಬೋಲ್ಟ್ ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಳ್ಳಬಹುದು.

ಈಗ ಆ ಎರಡು ದಿನದ ಕೆಲಸ. ವೈರ್ ಬ್ರಷ್, ಎಮರಿ ಪೇಪರ್ ಹಿಡಿದು ತಗಡು ಹೊಳೆಯುವವರೆಗೆ ಉಜ್ಜಿ. ಸ್ಕ್ರೂಡ್ರೈವರಿನ ತುದಿಯಿಂದ ಅಂಚಿನ ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಬನ್ನಿ. ಎಲ್ಲಿ ಒಳಗೆ ಇಳಿಯುತ್ತದೋ ಅಲ್ಲಿ ತಗಡು ಸತ್ತಿದೆ. ಅಷ್ಟನ್ನು ಟಿಂಕರ್ ಹತ್ತಿರ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಪುಟ್ಟಿ ತುಂಬಿ ಮುಚ್ಚಿದರೆ ಮುಂದಿನ ಮಳೆಗೆ ಅದೇ ಕಥೆ. ಆಮೇಲೆ ಪ್ರೈಮರ್, ಅದು ಒಣಗಿದ ಮೇಲೆ ಪೇಂಟ್. ಮುಟ್ಟಿದರೆ ಒಣಗಿದಂತೆ ಕಂಡರೂ ಒಂದು ರಾತ್ರಿ ಬಿಡಿ. ಹಸಿ ಪೇಂಟಿನ ಮೇಲೆ ರಬ್ಬರ್ ಕೂರಿಸಿದರೆ ರಬ್ಬರಿನ ಅಂಚೇ ಅದನ್ನು ಕೆರೆದು ಹಾಕುತ್ತದೆ.

ಕೂರಿಸಲು ಇಬ್ಬರು ಬೇಕು. ರಬ್ಬರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ, ಮೆತ್ತಗಾಗುತ್ತದೆ. ಮೊದಲು ಗಾಜಿನ ಸುತ್ತ ಅದನ್ನು ತೊಡಿಸಿ. ತಗಡು ಹಿಡಿಯುವ ಸೀಳಿನೊಳಗೆ ಪೆನ್ಸಿಲಿಗಿಂತ ತೆಳುವಾದ ನೈಲಾನ್ ಹಗ್ಗ ಸುತ್ತಲೂ ಕೂರಿಸಿ. ಎರಡು ತುದಿಗಳು ಕೆಳಗೆ ನಡುವಿನಲ್ಲಿ ಒಂದು ಗೇಣು ಒಂದರ ಮೇಲೊಂದು ಬರಲಿ. ಅಂಚಿಗೆಲ್ಲ ಸೋಪು ನೀರು ಹಚ್ಚಿ. ಗ್ರೀಸ್, ಆಯಿಲ್ ಹಚ್ಚಬೇಡಿ, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಹಗ್ಗದ ತುದಿಗಳನ್ನು ಒಳಗೆ ಬಿಟ್ಟು ಗಾಜನ್ನು ಹೊರಗಿನಿಂದ ನೇರವಾಗಿ ಇಟ್ಟು ಒತ್ತಿ ಹಿಡಿಯಿರಿ. ಒಳಗಿದ್ದವರು ಹಗ್ಗದ ಒಂದು ತುದಿಯನ್ನು ನಿಧಾನಕ್ಕೆ ಎಳೆಯುತ್ತಾ ಹೋದ ಹಾಗೆ ರಬ್ಬರಿನ ಅಂಚು ತಗಡನ್ನು ದಾಟಿ ಒಳಗೆ ಬಂದು ಮಗುಚಿಕೊಳ್ಳುತ್ತದೆ. ಹಗ್ಗ ಎಲ್ಲಿದೆಯೋ ಅಲ್ಲೇ ಹೊರಗಿದ್ದವರು ಅಂಗೈಯಿಂದ ತಟ್ಟಬೇಕು. ಮೊದಲು ಕೆಳಗೆ, ಆಮೇಲೆ ಎರಡು ಬದಿ, ಕೊನೆಗೆ ಮೇಲೆ. ಮೂಲೆಯಲ್ಲಿ ಹಗ್ಗ ಬಿಗಿಯಾಗುತ್ತದೆ. ಅಲ್ಲಿ ಜೋರಾಗಿ ಎಳೆಯಬೇಡಿ, ಇನ್ನಷ್ಟು ಸೋಪು ನೀರು ಹಾಕಿ. ನನ್ನ ಕೈಯಲ್ಲಿ ಒಡೆದ ಮೊದಲ ಗಾಜು ಒಡೆದಿದ್ದು ಹಾಗೇ. ಇಪ್ಪತ್ತು ನಿಮಿಷದ ಕೆಲಸ ಎರಡೇ ನಿಮಿಷದಲ್ಲಿ ಮುಗಿಸಲು ಹೋಗಿ ಮೇಲಿನ ಎಡ ಮೂಲೆಯಿಂದ ಬಿರುಕು ಓಡಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕೆಲವು ರಬ್ಬರಿಗೆ ಹೊರಗಿನಿಂದ ಲಾಕ್ ಬೀಡಿಂಗ್, ಅಂದರೆ ರಬ್ಬರಿಗೆ ತುರುಕುವ ತೆಳು ಪಟ್ಟಿ, ಇರುತ್ತದೆ. ಅದನ್ನು ಕೊನೆಗೆ ಹಾಕಿ. ಅದು ಒಳಗೆ ಹೋದ ಮೇಲೇ ರಬ್ಬರ್ ಗಾಜನ್ನು ಗಟ್ಟಿಯಾಗಿ ಹಿಡಿಯುವುದು.

ನೀರಿನ ಪರೀಕ್ಷೆ ಅವಸರದಲ್ಲಿ ಮಾಡಬೇಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಪೈಪಿನ ನೀರನ್ನು ಕೆಳಗಿನ ಅಂಚಿನಿಂದ ಶುರು ಮಾಡಿ, ಐದು ನಿಮಿಷ ಬಿಟ್ಟು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ. ಮೇಲಿನಿಂದ ಸುರಿದರೆ ನೀರು ಎಲ್ಲಿಂದ ನುಗ್ಗಿತು ಅಂತ ಗೊತ್ತಾಗುವುದಿಲ್ಲ. ಮೇಲಿನ ಮೂಲೆಯಲ್ಲಿ ಒಳಗೆ ಬಂದ ಹನಿ ಕಂಬದ ಉದ್ದಕ್ಕೂ ಇಳಿದು ಕ್ಲಚ್ ಹತ್ತಿರ ಬೀಳುತ್ತದೆ. ಎಲ್ಲಾದರೂ ಜಿನುಗಿದರೆ ಒಣಗಿಸಿ, ಆ ಜಾಗದಲ್ಲಿ ಮಾತ್ರ ರಬ್ಬರಿನ ಅಂಚು ಎತ್ತಿ, ಗಟ್ಟಿಯಾಗದ ಜಾತಿಯ ಗ್ಲಾಸ್ ಸೀಲೆಂಟ್ ತೆಳುವಾಗಿ ಬಿಡಿ. ಆಮೇಲೆ ಮಳೆ ಬಂದಾಗ ಕಾಲಬುಡದಲ್ಲಿ ಹಳೇ ಪೇಪರ್ ಹಾಸಿ ಗಾಡಿಯನ್ನು ಒಂದು ರಾತ್ರಿ ಮಳೆಯಲ್ಲೇ ನಿಲ್ಲಿಸಿ. ಮಾದಾಪುರದ ಜೀಪಿಗೆ ಹೊಸ ತಗಡು, ಹೊಸ ರಬ್ಬರ್ ಹಾಕಿ ಹಾಗೇ ನಿಲ್ಲಿಸಿದ್ದೆವು. ಬೆಳಿಗ್ಗೆ ಮಾಲೀಕರು ಪೇಪರ್ ತೆಗೆದು ಎರಡೂ ಕಡೆ ತಿರುಗಿಸಿ ನೋಡಿದರು. ಒಣಗಿತ್ತು.