ತೀರ್ಥೋದ್ಭವದ ಟೈಮು ಎಲ್ಲಿಂದ ಬರುತ್ತೆ? ಪಂಚಾಂಗ, ಜಾತಕ ಮತ್ತೆ ಮೇಲಿರೋ ಆಕಾಶ

ಅಕ್ಟೋಬರ್ ಬಂತು ಅಂದ್ರೆ ಕೊಡಗಲ್ಲಿ ಎಲ್ರ ಬಾಯಲ್ಲೂ ಒಂದೇ ಪ್ರಶ್ನೆ, ಈ ಸಲ ತೀರ್ಥೋದ್ಭವ ಎಷ್ಟು ಗಂಟೆಗೆ? ಸೂರ್ಯ ತುಲಾ ರಾಶಿಗೆ ಕಾಲಿಡೋ ಗಳಿಗೆಗೆ (ತುಲಾ ಸಂಕ್ರಮಣ, ಕೊಡಗಿನವರ ಬಾಯಲ್ಲಿ ಕಾವೇರಿ ಚಂಗ್ರಾಂದಿ) ತಲಕಾವೇರಿಯ ಕುಂಡಿಕೆ ಅನ್ನೋ ಪುಟ್ಟ ಕೊಳದಲ್ಲಿ ಕಾವೇರಿ ನೀರು ಉಕ್ಕುತ್ತೆ ಅನ್ನೋ ನಂಬಿಕೆ, ಅದೇ ತೀರ್ಥೋದ್ಭವ. ಬೆಳಗ್ಗೆ ಅಂದ್ರೆ ಹಿಂದಿನ ರಾತ್ರಿನೇ ಭಾಗಮಂಡಲ ಸೇರ್ಕೋಬೇಕು, ನಡುರಾತ್ರಿ ಅಂದ್ರೆ ಚಳಿ, ಮಂಜು, ಪಾರ್ಕಿಂಗು ಎಲ್ಲಾ ತಲೆನೋವೇ. ಟೈಮಂತೂ ನಿಮಿಷ ಸಮೇತ ಬರುತ್ತೆ. 2020ರಲ್ಲಿ ಅಕ್ಟೋಬರ್ 17ರ ಬೆಳಗ್ಗೆ 7.03, 2021ರಲ್ಲಿ ಮಧ್ಯಾಹ್ನ 1.11, 2022ರಲ್ಲಿ ಸಂಜೆ 7.21, 2023ರಲ್ಲಿ ನಡುರಾತ್ರಿ ದಾಟಿ 1.27, ಅಂದ್ರೆ ತಾರೀಕು 18 ಆಗೋಯ್ತು, 2024ಕ್ಕೆ ಮತ್ತೆ 17ನೇ ತಾರೀಕು ಬೆಳಗ್ಗೆ 7.40.

ಇದನ್ನ ಒಂದರ ಕೆಳಗೊಂದು ಬರ್ಕೊಂಡು ನೋಡಿ, ಮಜಾ ಇದೆ. ವರ್ಷವರ್ಷಕ್ಕೆ ಆರು ಗಂಟೆ ಚಿಲ್ಲರೆ ಮುಂದಕ್ಕೆ ಹೋಗ್ತಾ ಇದೆ, ಫೆಬ್ರವರಿಗೆ 29 ದಿನ ಬಂದ ವರ್ಷ ತಾರೀಕು ಒಂದು ದಿನ ಹಿಂದಕ್ಕೆ ಬಂದು ಸರಿಯಾಗುತ್ತೆ, ಆದ್ರೂ 2020ಕ್ಕೂ 2024ಕ್ಕೂ 37 ನಿಮಿಷ ವ್ಯತ್ಯಾಸ ಉಳ್ಕೊಂಡಿದೆ. ಈ 37 ನಿಮಿಷ ಎಲ್ಲಿಂದ ಬಂತು? ನಕ್ಷತ್ರಗಳನ್ನ ಗುರುತಾಗಿಟ್ಕೊಂಡು ಅಳೆದ್ರೆ ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಮುಗಿಸೋಕೆ 365 ದಿನ 6 ಗಂಟೆ 9 ನಿಮಿಷ ಚಿಲ್ಲರೆ ಬೇಕು, ಆ ಒಂಬತ್ತು ನಿಮಿಷ ಚಿಲ್ಲರೆ ನಾಲ್ಕು ವರ್ಷಕ್ಕೆ ಸೇರಿದ್ರೆ 37. ಅಷ್ಟೇ. ತಲಕಾವೇರಿ ಕುಂಡಿಕೆ ಮುಂದೆ ಸಾವಿರಾರು ಜನ ಕಾಯೋ ಆ ನಿಮಿಷ ಶುದ್ಧ ಖಗೋಳ ಲೆಕ್ಕ, ಹೇಳೋರು ಜ್ಯೋತಿಷಿಗಳು ಅನ್ನೋದು ಬೇರೆ ಮಾತು. (ನೀರು ಉಕ್ಕೋದು ಭಕ್ತಿಗೆ ಬಿಟ್ಟ ವಿಷಯ, ಅದಕ್ಕೆ ನಾನು ಕೈ ಹಾಕಲ್ಲ.)

ಟೈಮಿನ ಜೊತೆ ಲಗ್ನ ಅಂತಾನೂ ಹೇಳ್ತಾರಲ್ಲ, ಅದೂ ಹೀಗೇ. ಆ ಹೊತ್ತಲ್ಲಿ ಪೂರ್ವದಲ್ಲಿ ಯಾವ ರಾಶಿ ಮೇಲೇರ್ತಾ ಇದ್ಯೋ ಅದೇ ಲಗ್ನ. ಆರು ಗಂಟೆಯಲ್ಲಿ ಭೂಮಿ ಕಾಲು ಸುತ್ತು ತಿರುಗುತ್ತೆ, ಅದಕ್ಕೇ ಒಂದು ವರ್ಷ ತುಲಾ ಲಗ್ನ ಇದ್ರೆ ಮುಂದಿನ ವರ್ಷ ಮಕರ, ಆಮೇಲೆ ಮೇಷ, ಆಮೇಲೆ ಕರ್ಕಾಟಕ, ಮತ್ತೆ ತುಲಾ.

ಹಾಗಾದ್ರೆ ಜ್ಯೋತಿಷ್ಯಕ್ಕೂ ವಿಜ್ಞಾನಕ್ಕೂ ಜಗಳ ಯಾಕೆ ಶುರುವಾಯ್ತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ನಮ್ಮ ಹಳೇ ವೇದಾಂಗ ಜ್ಯೋತಿಷದಲ್ಲಿ ಹನ್ನೆರಡು ರಾಶಿಗಳೇ ಇಲ್ಲ. ಅಲ್ಲಿರೋದು 27 ನಕ್ಷತ್ರ, ತಿಥಿ, ಐದು ವರ್ಷದ ಯುಗ. ಯಜ್ಞ ಯಾವತ್ತು ಮಾಡ್ಬೇಕು ಅಂತ ತಿಳ್ಕೊಳ್ಳೋಕೆ ಇಟ್ಕೊಂಡ ಕ್ಯಾಲೆಂಡರ್ ಅದು, ನಿಮ್ಮ ಮಗಳ ಮದ್ವೆ ಯಾವಾಗ ಅಂತ ಹೇಳೋ ಪುಸ್ತಕ ಅಲ್ಲ. ರಾಶಿ, ಲಗ್ನ, ಹುಟ್ಟಿದ ಹೊತ್ತಿನ ಕುಂಡಲಿ ಇವೆಲ್ಲ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಗ್ರೀಕರ ಕಡೆಯಿಂದ ಬಂದು ನಮ್ಮ ನಕ್ಷತ್ರಗಳ ಜೊತೆ ಬೆರೆತ್ಕೊಂಡವು. ಆರನೇ ಶತಮಾನದ ವರಾಹಮಿಹಿರನ ಹೊತ್ತಿಗೆ ಗಣಿತ (ಗ್ರಹಗಳ ಲೆಕ್ಕ), ಹೋರಾ (ಜಾತಕ), ಸಂಹಿತಾ (ಶಕುನ, ಮಳೆ ಬೆಳೆ ಇತ್ಯಾದಿ) ಅಂತ ಮೂರು ಕೊಂಬೆ ಒಂದೇ ಮರಕ್ಕೆ ಸೇರಿತ್ತು. ಜಾತಕ ನೋಡೋರು ಇವತ್ತಿಗೂ ಅವನ ಹೆಸರು ಹೇಳ್ತಾರೆ, ಆದ್ರೆ ಅದೇ ವರಾಹಮಿಹಿರ ಗ್ರಹಣ ಆಗೋದು ರಾಹು ನುಂಗೋದ್ರಿಂದ ಅಲ್ಲ, ನೆರಳಿಂದ ಅಂತ ಬರೆದಿದ್ದಾನೆ. ಇನ್ನೂ ಒಂದು ಮಾತಿದೆ. ಹಿಂದೆ ದಕ್ಷಿಣಾಯನ ಆಶ್ಲೇಷದ ಅರ್ಧದಿಂದ ಶುರುವಾಗ್ತಿತ್ತು ಅಂತ ಹಳೇ ಶಾಸ್ತ್ರ ಹೇಳುತ್ತೆ, ಈಗ ಕರ್ಕಾಟಕದ ಮೊದಲಿಂದ, ವ್ಯತ್ಯಾಸ ಕಂಡ್ರೆ ನೆರಳು ಅಳೆದು ನೀವೇ ಪರೀಕ್ಷೆ ಮಾಡಿ ಅಂತಾನೆ. ಅಂದ್ರೆ ಪುಸ್ತಕಕ್ಕೂ ಆಕಾಶಕ್ಕೂ ಹೊಂದದೇ ಇದ್ರೆ ಆಕಾಶನ ನಂಬು ಅಂತ. ಈಗಿನ ಎಷ್ಟು ಜನ ಜ್ಯೋತಿಷಿಗಳು ಕೋಲು ನೆಟ್ಟು ನೆರಳು ನೋಡಿದಾರೋ ಗೊತ್ತಿಲ್ಲ ಬಿಡಿ.

ಅವನ ಕಣ್ಣಿಗೆ ಬಿದ್ದಿದ್ದು ಅಯನ ಚಲನೆ. ಭೂಮಿಯ ಅಕ್ಷ ಬುಗುರಿ ತರ ನಿಧಾನಕ್ಕೆ ತಲೆ ತಿರುಗಿಸುತ್ತೆ, ಒಂದು ಸುತ್ತಿಗೆ ಹತ್ತಿರ ಹತ್ತಿರ 26 ಸಾವಿರ ವರ್ಷ, ಅಂದ್ರೆ 72 ವರ್ಷಕ್ಕೆ ಒಂದು ಡಿಗ್ರಿ. ಒಂದು ಕಾಲದಲ್ಲಿ ತುಲಾ ಸಂಕ್ರಮಣದ ದಿನ ಹಗಲು ರಾತ್ರಿ ಸಮ ಇರ್ತಿತ್ತು. ಈಗ ಹಗಲು ರಾತ್ರಿ ಸಮ ಆಗೋದು ಸೆಪ್ಟೆಂಬರ್ 22-23ಕ್ಕೆ, ನಮ್ಮ ಕಾವೇರಿ ಚಂಗ್ರಾಂದಿ ಅಕ್ಟೋಬರ್ 17ಕ್ಕೆ. ಮಕರ ಸಂಕ್ರಾಂತಿನೂ ಅಷ್ಟೇ, ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೆಲ್ಲ ತಿನ್ನೋದು ಜನವರಿ 14-15ಕ್ಕೆ. ನಾವು ಋತು ಬಿಟ್ಟು ನಕ್ಷತ್ರ ಹಿಡ್ಕೊಂಡ್ವಿ, ಪಶ್ಚಿಮದ ಜ್ಯೋತಿಷಿಗಳು ನಕ್ಷತ್ರ ಬಿಟ್ಟು ಋತು ಹಿಡ್ಕೊಂಡ್ರು. ಅದಕ್ಕೇ ಅಕ್ಟೋಬರ್ 5ಕ್ಕೆ ಹುಟ್ಟಿದ ಮಗು ಅವರ ಲೆಕ್ಕದಲ್ಲಿ ಸೂರ್ಯ ತುಲಾ, ನಮ್ಮ ಲೆಕ್ಕದಲ್ಲಿ ಸೂರ್ಯ ಕನ್ಯಾ. ಇನ್ನು ಖಗೋಳ ವಿಜ್ಞಾನಿಗಳು ಹಾಕ್ಕೊಂಡಿರೋ ನಕ್ಷತ್ರಪುಂಜಗಳ ಗಡಿ ಪ್ರಕಾರ ಸೂರ್ಯ ತುಲಾಕ್ಕೆ ಕಾಲಿಡೋದೇ ಅಕ್ಟೋಬರ್ ಕೊನೆಗೆ, ಸಾಲದ್ದಕ್ಕೆ ವೃಶ್ಚಿಕಕ್ಕೂ ಧನುವಿಗೂ ಮಧ್ಯೆ ಉರಗಧರ ಅಂತ ಹದಿಮೂರನೇದೊಂದಿದೆ. ಹುಟ್ಟಿದ ಮಗು ಒಂದೇ, ಸೂರ್ಯನೂ ಒಬ್ಬನೇ.

ನಕ್ಷತ್ರ ಹಿಡ್ಕೊಂಡ ನಮ್ಮವರಲ್ಲೂ ಎಳೆದಾಟ ಇತ್ತು. ಸೂರ್ಯಸಿದ್ಧಾಂತ ಅನ್ನೋ ಹಳೇ ಖಗೋಳ ಗ್ರಂಥದ ವರ್ಷ ನಿಜವಾದ ನಾಕ್ಷತ್ರಿಕ ವರ್ಷಕ್ಕಿಂತ ಮೂರೂವರೆ ನಿಮಿಷದಷ್ಟು ಉದ್ದ, ಸಾವಿರ ವರ್ಷಕ್ಕೆ ಅದು ಎರಡು ದಿನ ದಾಟುತ್ತೆ. ಹೀಗಾಗಿ ಹಳೇ ಸೂತ್ರದವರು ಒಂದು ಕಡೆ, ದೂರದರ್ಶಕದಲ್ಲಿ ಕಂಡದ್ದಕ್ಕೆ ಹೊಂದಬೇಕು ಅನ್ನೋ ದೃಕ್ ಪಂಚಾಂಗದವರು ಇನ್ನೊಂದು ಕಡೆ. ಈ ಎರಡನೇ ಗುಂಪಲ್ಲಿ ದೊಡ್ಡ ಹೆಸರು ನರಗುಂದದಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತ್ಕರ್. ಪಂಚಾಂಗ ಗಣಿತಕ್ಕೆ ಜೀವನ ಸವೆಸಿದ ಮನುಷ್ಯ, 1911ರಲ್ಲೇ ನೆಪ್ಚೂನ್ ಆಚೆ ಗ್ರಹ ಇರ್ಬೇಕು ಅಂತ ಫ್ರೆಂಚ್ ಖಗೋಳ ಪತ್ರಿಕೆಗೆ ಬರೆದವರು. ಚಿತ್ತಾ ನಕ್ಷತ್ರದ ನೇರ ಎದುರಿಗೆ ಮೇಷದ ಆರಂಭ ಇಡೋಣ ಅನ್ನೋ ಪಕ್ಷ ಅವರದ್ದು. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ಆಯ್ತು, ಎನ್. ಸಿ. ಲಾಹಿರಿ ಕಾರ್ಯದರ್ಶಿ, 1955ಕ್ಕೆ ವರದಿ, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಕ್ಯಾಲೆಂಡರ್. ಆ ಕ್ಯಾಲೆಂಡರ್ ಯಾರ ಮನೆ ಗೋಡೆಗೂ ಬರ್ಲಿಲ್ಲ, ಆದ್ರೆ ಅದೇ ಚಿತ್ತಾ ಪಕ್ಷದ ಲಾಹಿರಿ ಅಯನಾಂಶ (ಋತುವಿನ ಲೆಕ್ಕಕ್ಕೂ ನಕ್ಷತ್ರದ ಲೆಕ್ಕಕ್ಕೂ ಇರೋ ಡಿಗ್ರಿ ಅಂತರ) ಇವತ್ತು ಜಾತಕದ ಹೆಚ್ಚಿನ ಮೊಬೈಲ್ ಆಪಲ್ಲೂ ಕೂತಿದೆ. ಜಾತಕದಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲದ ವಿಜ್ಞಾನಿಯ ಸಮಿತಿ ಜಾತಕದವರಿಗೇ ಸರಿಯಾದ ಲೆಕ್ಕ ಕೊಟ್ಟಂಗಾಯ್ತು.

ಇದರ ಅರ್ಥ ಏನು ಅಂದ್ರೆ ಮೇಷದ ಎದುರಿಗಿರೋ ತುಲಾ ಚಿತ್ತಾ ಹತ್ರನೇ ಶುರುವಾಗುತ್ತೆ, ಹಾಗಾಗಿ ಚಂಗ್ರಾಂದಿ ದಿನ ಸೂರ್ಯ ನಿಜವಾಗ್ಲೂ ಚಿತ್ತಾ ನಕ್ಷತ್ರದ ಪಕ್ಕದಲ್ಲೇ ಇರ್ತಾನೆ, ಎರಡು ಡಿಗ್ರಿ ಅಂತರ ಅಷ್ಟೇ. ಹಗಲಾದ್ದರಿಂದ ಕಾಣಲ್ಲ. ನೋಡ್ಬೇಕು ಅಂದ್ರೆ ಏಪ್ರಿಲಲ್ಲಿ ಹೂಮಳೆ ಬಿದ್ದು ಮೋಡ ಚದುರಿದ ರಾತ್ರಿ ಅಂಗಳಕ್ಕೆ ಬನ್ನಿ, ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಮುಂದುವರ್ಸಿದ್ರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತೆ, ಅದೇ ಬಾಗಲ್ಲಿ ಇನ್ನೂ ಮುಂದೆ ಹೋದ್ರೆ ನೀಲಿ ಬಿಳುಪಿನ ಚಿತ್ತಾ.

ಗಣಿತದ ಕೊಂಬೆಗೂ ವಿಜ್ಞಾನಕ್ಕೂ ಹೀಗೆ ರಾಜಿ ಆಗಿ ಎಷ್ಟೋ ಕಾಲ ಆಯ್ತು. ರಾಜಿ ಆಗದೇ ಇರೋದು ಫಲದ ಜೊತೆ, ಅಂದ್ರೆ ಭವಿಷ್ಯ ಹೇಳೋದರ ಜೊತೆ. 2019ರ ಡಿಸೆಂಬರ್ 26ಕ್ಕೆ ಕಂಕಣ ಗ್ರಹಣ ಆದಾಗ ಕುಟ್ಟದ ಹತ್ರ ಕಾಯಿಮಾನಿಗೆ ಜನ ಎಲ್ಲೆಲ್ಲಿಂದಲೋ ಬಂದು ಕನ್ನಡಕ ಹಾಕ್ಕೊಂಡು ಬೆಳಗ್ಗೆ ಒಂಬತ್ತೂವರೆ ಸುಮಾರಿಗೆ ಆ ಉಂಗುರ ನೋಡಿದ್ರು, ಅದೇ ಹೊತ್ತಲ್ಲಿ ಎಷ್ಟೋ ಮನೇಲಿ ಬಾಗಿಲು ಹಾಕ್ಕೊಂಡು ಒಲೆ ಹಚ್ಚದೇ ಕೂತಿದ್ರು. ಗ್ರಹಣ ಯಾವಾಗ ಹಿಡಿಯುತ್ತೆ, ಯಾವಾಗ ಬಿಡುತ್ತೆ ಅಂತ ಪಂಚಾಂಗ ಹೇಳಿದ್ದು ಸರಿಯಾಗೇ ಇತ್ತು. ಯಾವ ರಾಶಿಗೆ ಅಶುಭ, ಯಾರು ಶಾಂತಿ ಮಾಡಿಸ್ಬೇಕು ಅನ್ನೋದೂ ಅದರ ಜೊತೆಗೇ ಬರುತ್ತಲ್ಲ, ಮೊದಲನೇದು ನಿಜ ಆಯ್ತು ಅಂತ ಎರಡನೇದನ್ನೂ ನಂಬಿಬಿಡ್ತೀವಿ. ನನ್ನ ತಕರಾರು ಇರೋದು ಇಲ್ಲೇ, ಲೆಕ್ಕದ ಮರ್ಯಾದೆಯನ್ನ ಭವಿಷ್ಯ ಸಾಲ ತಗೊಂಡಿದೆ.

ಫಲವನ್ನ ಪರೀಕ್ಷೆ ಮಾಡಿದೋರು ಇದಾರೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಯಾವುದು ಓದಿನಲ್ಲಿ ಜಾಣ ಮಗುವಿಂದು, ಯಾವುದು ಬುದ್ಧಿಮಾಂದ್ಯ ಇರೋ ಮಗುವಿಂದು ಹೇಳಿ ಅಂದ್ರು. ಸರಿ ಬಂದದ್ದು ಶೇಕಡ 46. ನಾಣ್ಯ ಚಿಮ್ಮಿದ್ರೂ 50ರ ಆಸುಪಾಸು ಬರುತ್ತೆ. ಇದು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 2009ರಲ್ಲಿ ಬಂತು. ಅದಕ್ಕೂ ಮೊದಲೇ 2001ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಜ್ಯೋತಿಷ್ಯನ ಯೂನಿವರ್ಸಿಟಿ ಕೋರ್ಸ್ ಮಾಡೋಕೆ ಹೊರಟು, ವಿಜ್ಞಾನಿಗಳು ಕೋರ್ಟಿಗೆ ಹೋಗಿ, 2004ರಲ್ಲಿ ಸುಪ್ರೀಂ ಕೋರ್ಟು ಕೋರ್ಸ್ ಇರ್ಲಿ ಅಂದಿತ್ತು.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ವಿಷ್ಯದಲ್ಲಿ ಈ ಗಲಾಟೆ ಇಲ್ಲ, ನೋಡಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಅಮ್ಮಂಗೇರಿ ಜ್ಯೋತಿಷ್ಯರು ರೋಹಿಣಿ ನಕ್ಷತ್ರ, ಹುಣ್ಣಿಮೆ ನೋಡಿ ನೆರೆ (ಎಲೆಗಳ ಕಟ್ಟು) ಕಟ್ಟೋಕೆ, ಕದಿರು (ಹೊಸ ಭತ್ತದ ತೆನೆ) ತೆಗೆಯೋಕೆ ಹೊತ್ತು ಹೇಳ್ತಾರೆ. ಪೊಲಿ ಪೊಲಿ ದೇವಾ ಅಂತ ಗದ್ದೆಯಿಂದ ವಾಪಸ್ ಬರೋವಾಗ ತಲೆ ಎತ್ತಿದ್ರೆ ಚಂದ್ರ ಇರೋ ಭಾಗದಲ್ಲೇ ಕೆಂಪಗೆ ರೋಹಿಣಿ ಇರುತ್ತೆ, ಲೆಕ್ಕ ಸರಿಯಾ ತಪ್ಪಾ ಅಂತ ಚಿಕ್ಕ ಮಕ್ಕಳೂ ಹೇಳ್ಬಹುದು. ಚಂಗ್ರಾಂದಿ ಪ್ರಕಟಣೆಗೂ "ಸೂರ್ಯ ಚಿತ್ತಾ ಪಕ್ಕ ಬರ್ತಾನೆ" ಅಂತ ಒಂದು ಸಾಲು ಸೇರಿಸಿದ್ರೆ ಮುಹೂರ್ತವೇನೂ ಕೆಡಲ್ಲ ಅಂತ ನನಗನಿಸುತ್ತೆ. ಇನ್ನೊಂದು ಹೇಳಿಬಿಡ್ತೀನಿ, 2100ರಲ್ಲಿ ಫೆಬ್ರವರಿ 29 ಇರಲ್ಲ, ಅಲ್ಲಿಂದ ಮುಂದೆ ಚಂಗ್ರಾಂದಿ 17ಕ್ಕೆ ಬರೋದೇ ಇಲ್ಲ, ಮೊದಲ ಕೆಲವು ದಶಕ 18 ಇಲ್ಲಾ 19. ರಜೆ ಹಾಕೋರು ಈಗಲೇ ನೋಟ್ ಮಾಡ್ಕೊಳ್ಳಿ.