ಸಭೆಯಲ್ಲಿ ಶುಶ್ರೂಷಾ ಸೇವೆ: ಬಿಪಿ ಯಂತ್ರಕ್ಕಿಂತ ಮೊದಲು

"ನಮ್ಮ ಸಭೆಯಲ್ಲೂ ಆರೋಗ್ಯ ಸೇವೆ ಆರಂಭಿಸಬೇಕೆಂದಿದ್ದೇವೆ ಸಿಸ್ಟರ್, ಯಾವ ಬಿಪಿ ಯಂತ್ರ ತೆಗೆದುಕೊಳ್ಳಬೇಕು?" ಎಂದು ಕರಾವಳಿಯ ಬೇರೆ ಬೇರೆ ಊರುಗಳ ನರ್ಸುಗಳು ನನ್ನನ್ನು ಕೇಳುವುದುಂಟು. ವಾರ್ಡುಗಳಲ್ಲಿ ಆಯುಷ್ಯದ ಬಹುಪಾಲು ಕಳೆದು, ನಿವೃತ್ತಿಯ ನಂತರ ಸ್ವಂತ ಕ್ರೈಸ್ತ ಸಭೆಯಲ್ಲಿ ಈ ಕೆಲಸಕ್ಕೆ ಇಳಿದವಳಾಗಿ ನಾನು ಅವರಿಗೆ ಹೇಳುವುದು ಇಷ್ಟೆ: ಯಂತ್ರವನ್ನು ಆರು ತಿಂಗಳು ತಡವಾಗಿ ಕೊಂಡರೂ ನಡೆಯುತ್ತದೆ, ನಿಮ್ಮ ಬಳಿ ಹೇಳಿಕೊಂಡ ಮಾತು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮಾತ್ರ ಮೊದಲ ದಿನವೇ ತೀರ್ಮಾನಿಸಿಕೊಳ್ಳಬೇಕು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆರಂಭದ ದಿನಗಳಲ್ಲಿ, ಗರ್ಭಪಾತವಾಗಿ ಕುಗ್ಗಿಹೋಗಿದ್ದ ಯುವತಿಯೊಬ್ಬಳು ನನ್ನ ಬಳಿ ಮನಸ್ಸು ಬಿಚ್ಚಿ ಮಾತಾಡಿದ್ದಳು. ಅವಳಿಗೆ ಪ್ರಾರ್ಥನೆಯ ಬಲ ಸಿಗಲಿ ಎಂದುಕೊಂಡು ನಾನು ಅದನ್ನು ಪ್ರಾರ್ಥನಾ ಕೂಟದ ಹಿರಿಯರೊಬ್ಬರ ಕಿವಿಗೆ ಹಾಕಿದೆ. ಮುಂದಿನ ಭಾನುವಾರ ಅವಳ ಹೆಸರನ್ನು, ಕಾರಣದ ಸಮೇತ, ಇಡೀ ಸಭೆಯ ಮುಂದೆ ಓದಲಾಯಿತು. ಆಮೇಲೆ ಅವಳು ತಿಂಗಳುಗಟ್ಟಲೆ ಆರಾಧನೆಗೆ ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಕೇಸ್ ಶೀಟನ್ನು ಸಂಬಂಧಿಕರಿಗೂ ತೋರಿಸದಷ್ಟು ಎಚ್ಚರದಿಂದ ಇದ್ದವಳು, ದೇವಾಲಯದ ಹೊಸ್ತಿಲು ದಾಟಿದ ಕೂಡಲೇ ನಾವೆಲ್ಲರೂ ಒಂದೇ ಕುಟುಂಬವೆಂಬ ಭಾವದಲ್ಲಿ ಆ ಎಚ್ಚರವನ್ನೇ ಮರೆತಿದ್ದೆ. ಅಂದಿನಿಂದ, ಯಾರೇ ಏನನ್ನು ಹೇಳಿಕೊಂಡರೂ, ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ತಿಳಿಸಬಹುದೇ, ಹೆಸರು ಹೇಳಿ ಪ್ರಾರ್ಥಿಸಬಹುದೇ, ಹೆಸರಿನ ಜೊತೆಗೆ ಕಾಯಿಲೆಯನ್ನೂ ಹೇಳಬಹುದೇ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳುತ್ತೇವೆ. ಒಂದಕ್ಕೆ ಒಪ್ಪಿದವರು ಇನ್ನೊಂದಕ್ಕೂ ಒಪ್ಪಿದರೆಂದು ಎಣಿಸುವಂತಿಲ್ಲ. ಜೀವ ಕಳೆದುಕೊಳ್ಳುವ ಮಾತು ಬಂದರೆ ಮಾತ್ರ ಅದನ್ನು ನನ್ನೊಳಗೇ ಇಟ್ಟುಕೊಳ್ಳಲಾಗದು ಎಂದು ಅವರಿಗೇ ತಿಳಿಸಿ, ಒಬ್ಬರನ್ನೇ ಬಿಡದೆ, ಅಲ್ಲಿ ಕುಳಿತಂತೆಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸುತ್ತೇವೆ.

ಸಭೆಗೂ ಶುಶ್ರೂಷೆಗೂ ಇರುವ ನಂಟು ಹೊಸದಲ್ಲ. ಸತ್ಯವೇದದಲ್ಲಿ (ಬೈಬಲಿನಲ್ಲಿ) ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲನು ನೆನೆಯುವ ಫೊಯಿಬೆ, ಅನೇಕರಿಗೆ ನೆರವಾದ ಸಭಾ ಸೇವಕಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ 1834ರಿಂದ ಎರಡೇ ವರ್ಷಕ್ಕೆ, ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಸಭಾಪಾಲಕ ಥಿಯೊಡೋರ್ ಫ್ಲೀಡ್ನರ್ ಮತ್ತು ಅವರ ಪತ್ನಿ ಫ್ರೀಡೆರಿಕೆ ಸೇವಕಿಯರಿಗೆ ಶುಶ್ರೂಷೆ ಕಲಿಸುವ ಮನೆಯನ್ನು ತೆರೆದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದದ್ದು ಅಲ್ಲಿ. ಉಡುಪಿಯಲ್ಲಿ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಆಸ್ಪತ್ರೆಯನ್ನು ನಮ್ಮವರೆಲ್ಲ ಬಲ್ಲರು. ಆದರೆ ಇಂತಹ ಆಸ್ಪತ್ರೆಗಳಿದ್ದ ಕಾರಣಕ್ಕೋ ಏನೋ, ಆರೋಗ್ಯವೆಂದರೆ ಆಸ್ಪತ್ರೆಯ ಕೆಲಸ, ಸಭೆಯದ್ದಲ್ಲ ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಆ ಎಣಿಕೆಯನ್ನು ಬದಲಿಸಲು ಯತ್ನಿಸಿದವರು ಅಮೆರಿಕದ ಲುಥೆರನ್ ಸಭಾಪಾಲಕ ಗ್ರೇಂಜರ್ ವೆಸ್ಟ್‌ಬರ್ಗ್. ಅವರು ಮೊದಲು ದೇವಾಲಯಗಳಲ್ಲೇ ವೈದ್ಯರ ಕ್ಲಿನಿಕ್ಕುಗಳನ್ನು ನಡೆಸಿ ನೋಡಿದರು. ವೈದ್ಯರ ಭಾಷೆಯನ್ನೂ ಸಭೆಯ ಭಾಷೆಯನ್ನೂ ಬಲ್ಲವರು ನರ್ಸುಗಳೇ ಎಂದು ಅಲ್ಲಿ ಕಂಡುಕೊಂಡರು. 1980ರ ದಶಕದ ಮಧ್ಯದಲ್ಲಿ ಇಲಿನಾಯ್ ರಾಜ್ಯದ ಪಾರ್ಕ್ ರಿಡ್ಜ್‌ನ ಲುಥೆರನ್ ಜನರಲ್ ಆಸ್ಪತ್ರೆಯ ಜೊತೆಗೂಡಿ ಆರು ಸಭೆಗಳಲ್ಲಿ ನರ್ಸುಗಳನ್ನು ನೇಮಿಸಿದರು. ಆ ನರ್ಸು ಇಂಜೆಕ್ಷನ್ ಕೊಡುವವಳಲ್ಲ, ಗಾಯ ಕಟ್ಟುವವಳಲ್ಲ. ಕೇಳಿಸಿಕೊಳ್ಳುವವಳು, ತಿಳಿಸಿ ಹೇಳುವವಳು, ಸರಿಯಾದ ಕಡೆಗೆ ಕಳುಹಿಸುವವಳು, ಸ್ವಯಂಸೇವಕರನ್ನು ಕೂಡಿಸುವವಳು. 1998ರಲ್ಲಿ ಅಮೆರಿಕದ ನರ್ಸುಗಳ ಸಂಘ ಈ ವಿಭಾಗಕ್ಕೆ ವೃತ್ತಿ ಮಾನದಂಡಗಳನ್ನು ಪ್ರಕಟಿಸಿದಾಗಲೂ ಈ ಸ್ವರೂಪ ಉಳಿಯಿತು.

ಆದ್ದರಿಂದ ಸಭಾ ಮಂಡಳಿಯ ಮುಂದೆ ಹೋಗುವಾಗ ಒಂದೇ ಪುಟದಲ್ಲಿ ಬರೆದುಕೊಂಡು ಹೋಗಿ: ನಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ. ಔಷಧಿ ಕೊಡುವುದಿಲ್ಲ, ವೈದ್ಯರು ಬರೆದ ಮಾತ್ರೆಯನ್ನು ಬದಲಿಸುವುದಿಲ್ಲ, ಡ್ರಿಪ್ ಹಾಕುವುದಿಲ್ಲ. ನಿವೃತ್ತರಾಗಿದ್ದರೂ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಚಾಲ್ತಿಯಲ್ಲಿರಲಿ. ಇಬ್ಬರು ನರ್ಸುಗಳಾದರೂ ಇದ್ದರೆ ಒಳ್ಳೆಯದು. ಒಬ್ಬರೇ ಹೊತ್ತ ಸೇವೆ ಅವರು ಮಗಳ ಬಾಣಂತನಕ್ಕೆ ಹೋದ ತಿಂಗಳೇ ನಿಂತುಹೋಗುತ್ತದೆ.

ಇನ್ನು ಯಂತ್ರದ ವಿಷಯ. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಸಾಕು, ದಪ್ಪ ತೋಳಿನವರಿಗೆ ದೊಡ್ಡ ಪಟ್ಟಿಯೂ ಬೇಕು. ಮೆಟ್ಟಿಲು ಹತ್ತಿ ಬಂದವರನ್ನು ಪಡಸಾಲೆಯ ಗದ್ದಲದಲ್ಲಿ ಮಾತಾಡಿಸುತ್ತಾ ಅಳೆದರೆ ಸಿಗುವ ಅಂಕಿಗೆ ಬೆಲೆಯಿಲ್ಲ. ಸಂಡೇ ಸ್ಕೂಲಿನ ಕೋಣೆಯಲ್ಲಿ ಐದು ನಿಮಿಷ ಸುಮ್ಮನೆ, ಬೆನ್ನಿಗೆ ಆಸರೆಯಿಟ್ಟು ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇರಿಸಿ, ಎರಡು ಸಲ ಅಳೆಯಬೇಕು. 140/90 ದಾಟಿದವರನ್ನು ಬೇರೊಂದು ದಿನ ಮತ್ತೆ ಅಳೆದು, ಆಗಲೂ ಹಾಗೆಯೇ ಇದ್ದರೆ ವೈದ್ಯರ ಬಳಿ ಕಳುಹಿಸುತ್ತೇವೆ. 180/120ರ ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು ಇದ್ದರೆ ನೇರವಾಗಿ 108.

ಚೀಟಿ ಬರೆದುಕೊಟ್ಟಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುವುದು ನಾನು ಹಲವು ಸಭೆಗಳಲ್ಲಿ ಕಂಡ ದೊಡ್ಡ ಕೊರತೆ. ನಮ್ಮಲ್ಲಿ ಒಬ್ಬ ವೃದ್ಧೆ ಮೂರು ತಿಂಗಳು ಮೂರು ಚೀಟಿ ತೆಗೆದುಕೊಂಡು ಹೋದರು, ಬಿಪಿ ಇಳಿಯಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ ಮೂರು ಚೀಟಿಗಳೂ ಸತ್ಯವೇದದೊಳಗೆ ಭದ್ರವಾಗಿದ್ದವು. ಮಗ ಗಲ್ಫ್‌ನಲ್ಲಿ, ಬಸ್ಸು ಹತ್ತಿಸಿ, ಒಪಿಡಿಯ ಸಾಲಿನಲ್ಲಿ ಜೊತೆಗೆ ನಿಲ್ಲುವವರು ಯಾರೂ ಇಲ್ಲ. ಹಳೆಯ ಮಾತ್ರೆಗಳನ್ನು ಅರ್ಧ ಮಾಡಿ ನುಂಗುತ್ತಿದ್ದರು. "ಯಾರನ್ನು ಕೇಳುವುದು ಮಗಾ, ಎಲ್ಲರಿಗೂ ಅವರವರ ಕೆಲಸ" ಎಂದರು. ಯುವಜನ ಸಂಘದ ಹುಡುಗನೊಬ್ಬ ತಿಂಗಳಿಗೊಂದು ದಿನ ಅವರನ್ನು ಕರೆದುಕೊಂಡು ಹೋಗತೊಡಗಿದ. ಬೇಕಾಗಿದ್ದದ್ದು ಅಷ್ಟೇ. ಭಾನುವಾರ ಕಳುಹಿಸಿದವರಿಗೆಲ್ಲ ಗುರುವಾರ ಫೋನ್ ಮಾಡುವ ಪದ್ಧತಿ ಆ ಮನೆಯಿಂದ ಹಿಂದಿರುಗಿದ ವಾರವೇ ಆರಂಭವಾಯಿತು.

ಸಭೆಯ ಪಂಚಾಂಗವನ್ನು ಬಲ್ಲ ನರ್ಸಿಗೆ ಮಾತ್ರ ಹೊಳೆಯುವ ಸಂಗತಿಗಳೂ ಇವೆ. ಈಸ್ಟರಿಗೆ ಮುಂಚಿನ ಲೆಂಟ್ ಕಾಲದಲ್ಲಿ ಉಪವಾಸವಿರುವ ಸಕ್ಕರೆ ಕಾಯಿಲೆಯವರು ಬೆಳಗಿನ ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ, ಸೆಕೆಯಲ್ಲಿ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನಕ್ಕೆ ಕುಳಿತವರು ಬೆವರಿ, ನಡುಗಿ, ಕುಸಿಯುವುದಕ್ಕೆ ಕೆಲವೊಮ್ಮೆ ಇದೇ ಕಾರಣ. ಉಪವಾಸ ಆರಂಭವಾಗುವುದಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ ಎಂದು ನಾವು ಪ್ರಕಟಣೆಯಲ್ಲಿ ಸೇರಿಸುತ್ತೇವೆ. ಆ ದಿನ ಗ್ಲೂಕೋಸ್ ಪುಡಿ, ಗ್ಲುಕೋಮೀಟರ್ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತೇವೆ. ಪ್ರಾರ್ಥಿಸಿದ್ದೇವೆ, ಇನ್ನು ಫಿಟ್ಸ್ ಮಾತ್ರೆ ಬೇಡ ಎಂದು ನಿಲ್ಲಿಸಿಬಿಡುವವರ ವಿಷಯದಲ್ಲಿ ನಾನು ವಾದಿಸಲು ಹೋಗುವುದಿಲ್ಲ. ಪ್ರಾರ್ಥಿಸುವವರು ಮಾತ್ರೆಯನ್ನೂ ನುಂಗಬಹುದು ಎಂದು ಅಯ್ಯನವರು ಪ್ರಸಂಗಪೀಠದಿಂದ ಒಂದು ಮಾತು ಹೇಳಿದರೆ, ನನ್ನ ಹತ್ತು ಮಾತುಗಳಿಗಿಂತ ಅದು ಬೇಗ ನಾಟುತ್ತದೆ.

ನೆರೆಯ ಮನೆಗಳವರೂ ನಮ್ಮಲ್ಲಿಗೆ ಬರುತ್ತಾರೆ, ಎಲ್ಲ ಧರ್ಮದವರೂ. ಅವರು ಕೇಳದೆ ನಾವು ಪ್ರಾರ್ಥಿಸುವುದಿಲ್ಲ, ಕರಪತ್ರ ಕೊಡುವುದಿಲ್ಲ. ಕಾಯಿಲೆಯಿಂದ ಬಳಲಿದವರ ದೌರ್ಬಲ್ಯವನ್ನು ಬೇರೆ ಯಾವುದಕ್ಕೂ ಬಳಸಕೂಡದು ಎಂಬುದೂ ಆ ಒಂದು ಪುಟದಲ್ಲಿದೆ.

ವರ್ಷದ ಕೊನೆಗೆ ಸಭಾ ಮಂಡಳಿ ವರದಿ ಕೇಳಿದಾಗ, ಎಷ್ಟು ಜನರ ಬಿಪಿ ಅಳೆದೆವು ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಬೇಡಿ. ಕಳುಹಿಸಿದವರಲ್ಲಿ ಎಷ್ಟು ಜನ ವೈದ್ಯರನ್ನು ಕಂಡರು, ಕಾಣದವರಿಗೆ ಏನು ಅಡ್ಡಿಯಾಯಿತು ಎಂಬುದನ್ನು ಬರೆಯಿರಿ, ಹೆಸರಿಲ್ಲದೆ. ಹೆಸರುಗಳಿರುವ ಪುಸ್ತಕ ಬೀಗ ಹಾಕಿದ ಕಪಾಟಿನಲ್ಲಿರಲಿ, ಅದರ ಬೀಗದಕೈ ನರ್ಸುಗಳ ಬಳಿ ಮಾತ್ರ ಇರಲಿ.