ಒಂದು ಕೋಣೆಗೆ ಎಷ್ಟು ಗ್ರಾಂ ನೀರು?

ಸೆಪ್ಟೆಂಬರ್ ಮೊದಲ ವಾರ. ಕೊಡವರ ಕೈಲ್ ಮುಹೂರ್ತ ಹಬ್ಬಕ್ಕೆ ಹಾಕಿಕೊಳ್ಳೋಣ ಅಂತ ಬೀರು ತೆಗೆದರೆ, ಕಪ್ಪು ನಿಲುವಂಗಿ ಕುಪ್ಯದ ಹೆಗಲ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೂಷ್ಟು. ಕೆಳಗಿನ ಖಾನೆಯಲ್ಲಿದ್ದ ಚರ್ಮದ ಶೂ ಹಸಿರಾಗಿತ್ತು. ಕೊಡಗಿನ ಮಳೆಗಾಲ ಕಂಡವರಿಗೆ ಇದು ಹೊಸದೇನಲ್ಲ. ಆದರೆ ನಮ್ಮದು ಹೊಸ ಮನೆ. ತಾರಸಿ, ಅಲ್ಯೂಮಿನಿಯಂ ಕಿಟಕಿ, ಎಲ್ಲಾ ಬಿಗಿ. ಒಂದು ಹನಿ ಸೋರುವುದಿಲ್ಲ. ಮತ್ತೆ ಈ ನೀರು ಬಂದದ್ದೆಲ್ಲಿಂದ?

"ಕಿಟಕಿ ತೆಗೆದಿಡಿ ಅಂತ ಬಡ್ಕೊಂಡೆ" ಅಂದರು ಅವ್ವ. "ತೆಗೆದಿದ್ದಕ್ಕೇ ಥಂಡಿ ಒಳಗೆ ಬಂದಿದ್ದು" ಅಂದಳು ಹೆಂಡತಿ. ಜೂನ್‌ನಿಂದ ನಡೆಯುತ್ತಿದ್ದ ವಾದ ಇದು. ಒಬ್ಬರು ತೆಗೆದ ಕಿಟಕಿಯನ್ನು ಇನ್ನೊಬ್ಬರು ಮುಚ್ಚುತ್ತಿದ್ದರು.

ತೀರ್ಪು ಕೊಡಬೇಕಾದರೆ ಗ್ರಾಂ ಲೆಕ್ಕ ಹಾಕಬೇಕು. ಗಾಳಿ ಬೆಚ್ಚಗಿದ್ದಷ್ಟೂ ಅದರಲ್ಲಿ ಜಾಸ್ತಿ ನೀರಾವಿ ಇರಬಹುದು. 19 ಡಿಗ್ರಿಯಲ್ಲಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ 16 ಗ್ರಾಂ ಚಿಲ್ಲರೆ. 24 ಡಿಗ್ರಿಯಲ್ಲಿ ಸುಮಾರು 22 ಗ್ರಾಂ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಒಂದು ಮಳೆಯ ದಿನ ಹೊರಗೆ 19 ಡಿಗ್ರಿ ಇದೆ, ಗಾಳಿ ನೀರಾವಿಯಿಂದ ಪೂರ್ತಿ ತುಂಬಿದೆ ಅಂದುಕೊಳ್ಳಿ. ಅದೇ ಗಾಳಿ ಮನೆಯೊಳಗೆ ಬಂದು 24ಕ್ಕೆ ಬೆಚ್ಚಗಾದರೆ ಅದರಲ್ಲಿರುವ ನೀರು ಅಷ್ಟೇ ಇರುತ್ತದೆ, ಹಿಡಿಯುವ ಜಾಗ ದೊಡ್ಡದಾಗುತ್ತದೆ. ತೇವಾಂಶ ಶೇ 100ರಿಂದ 75ಕ್ಕೆ ಇಳಿಯುತ್ತದೆ. ಶೇ 80ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. 75 ಅಂದರೆ ಹೇಗೋ ಬಚಾವು.

ಹಳೆಯ ಮನೆಗಳು ಮಾಡುತ್ತಿದ್ದುದು ಇಷ್ಟೇ. ಅಡುಗೆಮನೆಯಲ್ಲಿ ಒಲೆ ಆರುತ್ತಿರಲಿಲ್ಲ, ಬಚ್ಚಲಲ್ಲಿ ಹಂಡೆಯ ಕೆಳಗೆ ಬೆಂಕಿ. ಬೆಚ್ಚಗಾದ ಗಾಳಿ ಹಗುರಾಗಿ ಅಟ್ಟಕ್ಕೆ ಏರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಬಾಗಿಲ ಕೆಳಗಿನಿಂದ ಹೊಸ ಗಾಳಿ ಬರುತ್ತಿತ್ತು. ಬಾಸೆಲ್ ಮಿಷನ್ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಂಚಿನ ಮಾಡು ಮಳೆ ತಡೆಯುತ್ತದೆ, ಗಾಳಿ ಬಿಡುತ್ತದೆ. ಹಾಗಂತ ಹಳೆಯದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆ ಹೊಗೆ ಕುಡಿದು ಕೆಮ್ಮಿದವರು ಅವ್ವ ಮತ್ತು ಅವರ ಅತ್ತೆ, ಗಂಡಸರಲ್ಲ.

ಹೊಸ ಮನೆಯಲ್ಲಿ ಒಲೆ ಹೋಯಿತು, ಸಂದಿ ಮುಚ್ಚಿತು, ನೀರು ಮಾತ್ರ ಉಳಿಯಿತು. ಗ್ಯಾಸ್ ಒಲೆಯನ್ನೇ ನೋಡಿ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 20 ಲೀಟರಿಗೂ ಜಾಸ್ತಿ! ಕುದಿಯುವ ಸಾರಿನ ಆವಿ ಬೇರೆ. ಮಲಗಿದ ಮನುಷ್ಯ ಗಂಟೆಗೆ ಸುಮಾರು 40 ಗ್ರಾಂ ಬಿಡುತ್ತಾನೆ. ಒಳಗೇ ಒಣಹಾಕಿದ ಒಂದು ಬಕೆಟ್ ಬಟ್ಟೆಯಿಂದ ಲೀಟರುಗಟ್ಟಲೆ. ಹೀಗಾಗಿ ಮುಚ್ಚಿದ ಮನೆಯೊಳಗೆ 18, 19 ಗ್ರಾಂ ಇರುತ್ತದೆ, ಹೊರಗೆ 16. ಮಳೆ ಸುರಿಯುತ್ತಿದ್ದರೂ ಹೊರಗಿನ ಗಾಳಿಯೇ ಒಣಗಾಳಿ! ಅವ್ವ ಗೆದ್ದರು. ಸದ್ಯಕ್ಕೆ.

ನಾನು ಮಾಡಿದ ಮೊದಲ ಕೆಲಸ ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದು. ಜೋರಾಗಿ ಸದ್ದು ಮಾಡಿತು, ಕನ್ನಡಿಯ ಮೇಲಿನ ಹಬೆ ಮಾತ್ರ ಹೋಗಲಿಲ್ಲ. ಒಂದು ಚೂರು ಪೇಪರ್ ಹಿಡಿದು ನೋಡಿದೆ. ಜಾಲರಿಗೆ ಅಂಟಲಿಲ್ಲ, ಸುಮ್ನೆ ನಡುಗಿತು. ಬಾಗಿಲನ್ನು ಎರಡು ಬೆರಳು ತೆಗೆದದ್ದೇ ತಡ, ಪೇಪರ್ ಪಟ್ ಅಂತ ಹೋಗಿ ಅಂಟಿತು. ಬರುವ ದಾರಿ ಇಲ್ಲದ ಗಾಳಿ ಹೋಗುವುದಾದರೂ ಹೇಗೆ? ಫ್ಯಾನ್ ಕೂರಿಸಿದವರಾಗಲಿ ಮಾರಿದವರಾಗಲಿ ಇದನ್ನು ಹೇಳಲಿಲ್ಲ. ಬಡಗಿಯನ್ನು ಕರೆಸಿ ಬಾಗಿಲ ಕೆಳಗೆ ಒಂದು ಇಂಚು ಕೊಯ್ಯಿಸಿದೆ. ಫ್ಯಾನಿಗಿಂತ ಆ ಒಂದು ಇಂಚೇ ಜಾಸ್ತಿ ಕೆಲಸ ಮಾಡಿತು ಅಂತ ನನಗೆ ಈಗಲೂ ಅನಿಸುತ್ತದೆ.

ಫ್ಯಾನಿನ ಇನ್ನೊಂದು ಗುಟ್ಟು: ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಕರೆಂಟ್ ಮಾತ್ರ ಹೆಚ್ಚುಕಮ್ಮಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ನಿಮಿಷ ಗುಡುಗುವುದಕ್ಕಿಂತ ಕಡಿಮೆ ಕರೆಂಟ್ ತಿಂದು ದಿನವಿಡೀ ಮೆಲ್ಲಗೆ ತಿರುಗುವ ಬಿಎಲ್‌ಡಿಸಿ ಮೋಟಾರ್ ಫ್ಯಾನ್ ಲಾಭ. ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಅಲ್ವಾ? ಅಂಥ ಫ್ಯಾನ್ ಇನ್ವರ್ಟರ್‌ನಲ್ಲೂ ಓಡುತ್ತದೆ.

ಆಮೇಲೆ ಡಿಹ್ಯುಮಿಡಿಫೈಯರ್ ತಂದೆವು. ಫ್ರಿಜ್‌ನ ತಮ್ಮ ಅನ್ನಿ. ತಣ್ಣನೆಯ ಕೊಳವೆಗೆ ಗಾಳಿ ತಾಗಿಸಿ ನೀರು ಇಳಿಸುತ್ತದೆ. ಒಂದು ಲೀಟರ್ ಆವಿ ನೀರಾದಾಗ ಮುಕ್ಕಾಲು ಯೂನಿಟ್‌ಗೆ ಹತ್ತಿರದ ಶಾಖ ಹೊರಬರುತ್ತದೆ, ಅದೂ ಕೋಣೆಗೇ ಸೇರುತ್ತದೆ. ಹೀಗಾಗಿ ಅದೇ ಕರೆಂಟಿಗೆ ಹೀಟರ್‌ಗಿಂತ ಜಾಸ್ತಿ ಬೆಚ್ಚಗೆ, ಜೊತೆಗೆ ಒಣಗಲು. ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಈಗ ಹೆಂಡತಿಯ ಸರದಿ. 36 ಘನ ಮೀಟರ್ ಕೋಣೆಯಲ್ಲಿ ಮೆಷಿನ್ ಗಾಳಿಯ ನೀರನ್ನು ಘನ ಮೀಟರ್‌ಗೆ 13 ಗ್ರಾಂಗೆ ಇಳಿಸಿದೆ ಅಂದುಕೊಳ್ಳಿ. ಗಂಟೆಗೊಮ್ಮೆ ಗಾಳಿ ಬದಲಾದರೆ ಹೊರಗಿನಿಂದ ಪ್ರತಿ ಗಂಟೆ ಸುಮಾರು 120 ಗ್ರಾಂ ಹೆಚ್ಚುವರಿ ನೀರು ಬರುತ್ತದೆ. ದಿನಕ್ಕೆ ಸುಮಾರು ಮೂರು ಲೀಟರ್. ಮೆಷಿನ್ ನಿಭಾಯಿಸುತ್ತದೆ. ಕಿಟಕಿ ಪೂರ್ತಿ ತೆಗೆದು ಗಾಳಿ ಹತ್ತು ಪಟ್ಟು ಓಡಾಡಿದರೆ ಮೂವತ್ತು ಲೀಟರ್. ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಪೂರ್ತಿ ಮುಚ್ಚಿದರೂ ಆಗದು. ಇಬ್ಬರು ಮಲಗಿದ ಬಿಗಿ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ 2,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 2,000 ಪಾಲು) ದಾಟುವುದು ದೊಡ್ಡದಲ್ಲ. 1,000ದ ಒಳಗಿರಲಿ ಅಂತ ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಪೆಟೆನ್‌ಕೋಫರ್ 1858ರಲ್ಲೇ ಹೇಳಿದ್ದರು.

ಇದಕ್ಕೆ ಚಳಿದೇಶಗಳಲ್ಲಿ ಒಂದು ಪೆಟ್ಟಿಗೆ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಲ್ಲಿ ಮನೆಗಳನ್ನು ಬಿಗಿಯಾಗಿ ಕಟ್ಟತೊಡಗಿದರು. 1977ರಲ್ಲಿ ಕೆನಡಾದ ರಿಜೈನಾದಲ್ಲಿ, 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಮಾದರಿ ಮನೆಗಳಲ್ಲಿ, ಹೊರಹೋಗುವ ಗಾಳಿ ತನ್ನ ಶಾಖವನ್ನು ಒಳಬರುವ ಗಾಳಿಗೆ ದಾಟಿಸಿ ಹೋಗುತ್ತದೆ. ನಡುವೆ ತೆಳು ಹಾಳೆಗಳು, ಎರಡು ಗಾಳಿ ಬೆರೆಯುವುದಿಲ್ಲ. ನಮಗೆ ಈ ಮಾದರಿಯನ್ನೇ ತಂದು ಮಾರಿದರೆ ದುಡ್ಡು ದಂಡ. ಅದು ಶಾಖ ಉಳಿಸುತ್ತದೆ, ನಮ್ಮ ಕಾಟ ನೀರಿನದು. ನೀರಾವಿಯನ್ನೂ ದಾಟಿಸುವ ಹಾಳೆ ಇರುವ ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್) ಅನ್ನುವ ಜಾತಿ ಬೇಕು. ಒಳಬರುವ ಒದ್ದೆ ಗಾಳಿ ತನ್ನ ಹೆಚ್ಚುವರಿ ನೀರನ್ನು ಹೊರಹೋಗುವ ಒಣಗಾಳಿಗೆ ಹೊರಿಸುತ್ತದೆ. ಅರ್ಧ ಹೊರಿಸಿದರೂ ಮೂರು ಲೀಟರ್ ಒಂದೂವರೆಗೆ ಇಳಿಯಿತು.

ವ್ಯಾಪಾರ ಇರುವುದು ಇಲ್ಲೇ. ಮಳೆ ನೋಡಲು ಬಂದವರು ಹೋಮ್‌ಸ್ಟೇ ಕೋಣೆಯ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವ ಮುಗ್ಗಲು ವಾಸನೆಯನ್ನು ಯಾವ ರೂಮ್ ಸ್ಪ್ರೇಯೂ ಮುಚ್ಚುವುದಿಲ್ಲ. ಮೆಣಸು, ಕಾಫಿ ಇಟ್ಟ ಗೋದಾಮುಗಳದ್ದೂ ಇದೇ ಕಥೆ. ಒಣಗಿಸಿಟ್ಟದ್ದು ಮತ್ತೆ ತೇವ ಎಳೆದುಕೊಳ್ಳುತ್ತದೆ. ಮೆಷಿನ್ ಬೇಕಾದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮನೆಗೆ ಬಂದು ಅಳೆದು, ಎಲ್ಲಿ ತೂತು ಕೊರೆಯಬೇಕು, ಯಾವ ಬಾಗಿಲು ಕೊಯ್ಯಬೇಕು ಅಂತ ಹೇಳಿ, ವರ್ಷಕ್ಕೆರಡು ಸಲ ಫಿಲ್ಟರ್ ತೊಳೆದು ಕೊಡುವವರು ಸಿಗುವುದಿಲ್ಲ. ಐಟಿಐ ಮುಗಿಸಿದ ಇಬ್ಬರು ಹುಡುಗರು, ಒಂದು ಕೊರೆಯುವ ಮೆಷಿನ್, ಕೆಲವು ತೇವಾಂಶ ಮೀಟರ್ ಇದ್ದರೆ ಶುರು ಮಾಡಬಹುದಾದ ಕೆಲಸ. ಪೆಟ್ಟಿಗೆ ಮಾರುವುದರಲ್ಲಿ ಪೈಪೋಟಿ ಜಾಸ್ತಿ, ಈ ಕೆಲಸದಲ್ಲಿ ಸದ್ಯಕ್ಕೆ ಪೈಪೋಟಿಯೇ ಇಲ್ಲ ಅನ್ನಬೇಕು.

ನಮ್ಮ ಮನೆಯಲ್ಲಿ ಈಗ ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿದ್ದೇವೆ. ಅದರ ಹಿಂದಿನ ಹೊರಗೋಡೆ ಕೋಣೆಗಿಂತ ತಣ್ಣಗಿರುತ್ತದೆ, ಅಲ್ಲಿ ಗಾಳಿ ನಿಂತರೆ 75 ಇದ್ದದ್ದು 90ರ ಹತ್ತಿರ ಹೋಗುತ್ತದೆ. ಕೆಲವೇ ನೂರು ರೂಪಾಯಿಯ ಮೀಟರ್ ಒಂದು ಗೋಡೆಯಲ್ಲಿ ತೂಗುತ್ತಿದೆ. ಅವ್ವ ಕನ್ನಡಕ ಹಾಕಿಕೊಂಡು ಅದನ್ನು ನೋಡಿದ ಮೇಲೆಯೇ ಕಿಟಕಿಗೆ ಕೈ ಹಾಕುತ್ತಾರೆ. ಮೊನ್ನೆ ಬಾಗಿಲು ಕೊಯ್ದ ಬಡಗಿ ಮತ್ತೆ ಬಂದಿದ್ದರು. ಮೀಟರನ್ನು ಸ್ವಲ್ಪ ಹೊತ್ತು ನೋಡಿ, "ಇದು ಎಲ್ಲಿ ಸಿಗ್ತದೆ ಸಾರ್? ಒಂದು ಹೋಮ್‌ಸ್ಟೇಯಲ್ಲಿ ಹತ್ತು ಬಾಗಿಲಿದೆ" ಅಂದರು.